ಮದುವೆಯ ಮಾತೂ ವಕೀಲರ ಸಲಹೆಯೂ

ತಾಂಬೂಲ ಬದಲಾಯಿಸುವ ಮನೆಯಲ್ಲಿ ವಕೀಲರ ಹೆಸರೆತ್ತುವುದು ಅಪಶಕುನವೆಂದು ನಮ್ಮ ಹಿರಿಯರು ಭಾವಿಸುವರು. ನಂಬಿಕೆಯಿಂದ ಕೂಡಬೇಕಾದ ಸಂಬಂಧಕ್ಕೆ ಕರಾರುಪತ್ರವೇಕೆ? ಈ ಆಕ್ಷೇಪಣೆಯು ಹಗುರವಾದುದಲ್ಲ. ಆದರೆ ಅದೇ ಹಿರಿಯರು ಹೊಳಲ್ಕೆರೆಯ ಕಡೆ ಒಂದೆಕರೆ ಅಡಕೆ ತೋಟವನ್ನು ಕೊಳ್ಳುವಾಗ, ಮಾರುವವನು ಸ್ವಂತ ಷಡ್ಡಕನೇ ಆಗಿದ್ದರೂ, ಪಹಣಿಯನ್ನು ನೋಡಿ, ವಕೀಲರಿಗೆ ತೋರಿಸಿದ ಹೊರತು ಸಂಚಕಾರ ಕೊಡುವುದಿಲ್ಲ. ಷಡ್ಡಕನೂ ಅದನ್ನು ಅಪಮಾನವೆಂದೆಣಿಸುವುದಿಲ್ಲ.

ಬರೆಯದೆ ಬಿಟ್ಟ ಮಾತಿನ ನಷ್ಟವನ್ನು ಹೊರುವವರು ಯಾರೆಂಬುದೇ ಇಲ್ಲಿ ವಿಚಾರಿಸತಕ್ಕ ಧರ್ಮಪ್ರಶ್ನೆ. ಹೊಸದುರ್ಗದ ಬೆದ್ದಲಿನಲ್ಲಿ ಕೊಳವೆಬಾವಿ ಕೊರೆಯಿಸಲು ಸೊಸೆಯ ಒಡವೆಗಳು ಗಿರವಿಗೆ ಹೋಗುವುದುಂಟು. ಯಾರಲ್ಲಿಯೂ ಕಪಟವಿರುವುದಿಲ್ಲ. ಹತ್ತು ವರ್ಷಗಳ ತರುವಾಯ ಆ ಒಡವೆ ಯಾರದೆಂಬುದು ಅವಳೊಬ್ಬಳಿಗೆ ಮಾತ್ರ ನೆನಪಿರುತ್ತದೆ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಸ್ತ್ರೀಧನಕ್ಕೆ ವಿಶಾಲವಾದ ಅರ್ಥವನ್ನೇ ಕೊಟ್ಟನು. ಮೈಸೂರು ಸಂಸ್ಥಾನವು 1933ರಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿತು. ಸ್ತ್ರೀಧನವು ಗಂಡನ ಮನೆಯಲ್ಲಿದ್ದರೂ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು. ಹಕ್ಕು ಹಳೆಯದು, ಸಾಕ್ಷ್ಯವೇ ಇಲ್ಲ.

ಹಾಗೆಂದು ಛಾಪಾಕಾಗದದ ಮೇಲೆ ತೋಚಿದಂತೆ ಬರೆಯುವುದು ಇನ್ನೂ ಕೆಟ್ಟದ್ದು. ಗೋವೆಯಲ್ಲಿ ವಿವಾಹಪೂರ್ವ ಒಪ್ಪಂದಕ್ಕೆ ಪೋರ್ಚುಗೀಸರ ಕಾಲದ ಸಂಹಿತೆಯ ಆಧಾರವುಂಟು. ಮುಸಲ್ಮಾನರ ನಿಕಾಹಿನಲ್ಲಿ ಮಹರನ್ನು ಗೊತ್ತುಮಾಡುವರು. ನಮ್ಮ ಹಿಂದೂ ವಿವಾಹಗಳಿಗೆ ಅಂತಹ ಪ್ರತ್ಯೇಕ ಶಾಸನವಿಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು 1872ರ ಕರಾರು ಕಾಯಿದೆಯಂತೆ ನಿಲ್ಲದು. ವರದಕ್ಷಿಣೆಯ ಒಪ್ಪಂದವು 1961ರ ಕಾಯಿದೆಯಂತೆ ಶೂನ್ಯ, ಕೇಳುವುದು ಅಪರಾಧ. “ಮುಂದೆ ಜೀವನಾಂಶ ಕೇಳುವುದಿಲ್ಲ” ಎಂಬ ವಾಕ್ಯವನ್ನೂ ನ್ಯಾಯಾಲಯಗಳು ಮನ್ನಿಸುವುದಿಲ್ಲ. ಆದರೆ ಅದಕ್ಕೆ ರುಜು ಹಾಕಿದ ಹುಡುಗಿಯು ಇದನ್ನರಿಯಳು. ಬೆಲೆಯಿಲ್ಲದ ಆ ಕಾಗದಕ್ಕೆ ಅಂಜಿ ವರ್ಷಗಟ್ಟಲೆ ಮೌನವಾಗಿರುವಳು. ನನಗೆ ಎಲ್ಲಕ್ಕಿಂತ ಕ್ರೂರವಾಗಿ ತೋರುವುದು ಇದೇ.

ಇನ್ನು, ಸಲಹೆಗಾರನು ಯಾರ ಕಡೆಯವನು? ವರನ ಸೋದರಮಾವನು ಕರೆತಂದ ವಕೀಲರು ಎಷ್ಟೇ ಸಜ್ಜನರಾಗಿದ್ದರೂ ವಧುವಿಗೆ ಸಲಹೆಗಾರರಾಗಲಾರರು. ಅವಳಿಗೆ ಬೇರೆಯವರೇ ಬೇಕು, ತಂದೆಯ ಎದುರಿನಲ್ಲಲ್ಲದೆ ಅವಳೊಡನೆಯೇ ಮಾತನಾಡುವವರು. ವೆಚ್ಚದ ನೆಪ ಸಲ್ಲದು: ಆದಾಯವೆಷ್ಟಿದ್ದರೂ ಸ್ತ್ರೀಯರಿಗೆ ಉಚಿತ ಕಾನೂನು ನೆರವನ್ನು 1987ರ ಕಾಯಿದೆ ವಿಧಿಸಿದೆ, ಅದಕ್ಕಾಗಿ ಚಿತ್ರದುರ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ.

ಕರಾರೆಂಬ ಹೆಸರೇ ಕಹಿಯೆನಿಸಿದರೆ, ಹಿರಿಯೂರಿನ ತೋಟದ ಮನೆಯವರಾಗಲಿ ದುರ್ಗದ ಪೇಟೆಯವರಾಗಲಿ ಒಡವೆ ಉಡುಗೊರೆಗಳ ಪಟ್ಟಿಯನ್ನಾದರೂ ಬರೆಯಿಸಲಿ. 1985ರ ನಿಯಮಗಳು ಅದನ್ನು ಕೇಳುತ್ತವೆ. ವಧೂವರರಿಬ್ಬರ ರುಜುವೂ ಬೇಕು. ವಧುವಿಗೆ ಬಂದ ವಸ್ತುಗಳ ಪಟ್ಟಿ ವಧುವಿನ ಬಳಿಯಲ್ಲಿಯೇ ಇರತಕ್ಕದ್ದು, ಅತ್ತೆಯ ಪೆಟ್ಟಿಗೆಯಲ್ಲಲ್ಲ.