ಧನುರ್ಮಾಸದ ಕತ್ತಲೆಯೂ ಕಂಬಳಿಯ ದಾನವೂ

ಸೂರ್ಯನು ಧನೂರಾಶಿಯಲ್ಲಿರುವ ಸುಮಾರು 30 ದಿನಗಳನ್ನು ಲೋಕವು ಶೂನ್ಯಮಾಸವೆಂದು ಕರೆದು ವಿವಾಹ, ಗೃಹಪ್ರವೇಶಾದಿಗಳನ್ನು ಬದಿಗಿಡುತ್ತದೆ. ದೇವಾಲಯಗಳಿಗಾದರೋ ಇದೇ ಪರ್ವಕಾಲ. ನಮ್ಮ ಒಂದು ವರ್ಷವು ದೇವತೆಗಳಿಗೆ ಒಂದು ಅಹೋರಾತ್ರಿ. ದಕ್ಷಿಣಾಯನವು ಅವರ ರಾತ್ರಿ. ಆ ರಾತ್ರಿಯ ಕಡೆಯ ಐದು ಘಳಿಗೆಯೇ ಧನುರ್ಮಾಸ. ಆದುದರಿಂದಲೇ ನಕ್ಷತ್ರಗಳಿರುವಾಗಲೇ ಪೂಜೆ, ಮೆಣಸು, ಶುಂಠಿ, ತುಪ್ಪ ಬೆರೆತ ಮುದ್ಗಾನ್ನದ ನೈವೇದ್ಯ. ಮೂರು ಗಂಟೆಗೇ ಎದ್ದು ಆ ಹುಗ್ಗಿಗೆ ಒಲೆ ಹೊತ್ತಿಸುವ ತಾಯಂದಿರ ಹೆಸರನ್ನು ಸೇವಾಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ, ಇರಲಿ.

ಉತ್ತರಾಯಣ ಪುಣ್ಯಕಾಲವನ್ನು ನಾವು ಜನವರಿ 14 ಅಥವಾ 15ರ ಮಕರ ಸಂಕ್ರಮಣದಂದು ಆಚರಿಸುತ್ತೇವೆ. ಆದರೆ ಅಯನಚಲನದ ಕಾರಣದಿಂದ ಸೂರ್ಯನು ಆಕಾಶದಲ್ಲಿ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ಕ್ಕೆ, ಅಂದರೆ ಧನುರ್ಮಾಸದ ಮೊದಲ ವಾರದಲ್ಲಿಯೇ. ಅಂದು ನಮ್ಮ ಸೀಮೆಯಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ. ಅಲ್ಲಿಂದ ಮುಂದೆ ಹಗಲು ಬೆಳೆಯುತ್ತದೆ. ಆದರೂ ಉಷಃಕಾಲದ ಪೂಜೆಗೆ ಏಳುವವನಿಗೆ ಅದು ಗೋಚರವಾಗದು, ಏಕೆಂದರೆ ಸೂರ್ಯೋದಯವು ಜನವರಿಯ ಮೂರನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಹೆಚ್ಚಿದ ಬೆಳಕೆಲ್ಲ ಸಂಜೆಗೆ ಸೇರುತ್ತದೆ. ಮುಂಜಾವನ್ನು ಮಾತ್ರ ಕಂಡವನು ಕತ್ತಲೆ ಬೆಳೆಯುತ್ತಿದೆ ಎಂದರೆ ಅವನ ಮಾತು ಸುಳ್ಳಲ್ಲ. ಅವನು ಸಂಜೆಯನ್ನು ನೋಡಿಲ್ಲ, ಅಷ್ಟೆ.

ಜಗತ್ತು ಸತ್ಯವೆನ್ನುವ ಸಿದ್ಧಾಂತದಲ್ಲಿ ಬೆಳೆದ ನಾವು, ನಡುಗುವವನೆದುರು ಚಳಿ ಮಿಥ್ಯೆಯೆಂದು ಉಪದೇಶಿಸುವಂತಿಲ್ಲ. ಚಳಿ ನಿಜ, ಆದ್ದರಿಂದ ಕಂಬಳಿಯೂ ನಿಜವಾಗಿಯೇ ಬೇಕು.

ಈ ಮಾತನ್ನು ನಾನು ಪಾಠಶಾಲೆಯಲ್ಲಿ ಕಲಿತವನಲ್ಲ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಧನುರ್ಮಾಸದ ಒಂದು ಬೆಳಗಿನ ಜಾವ ಪ್ರಾಣದೇವರ ಗುಡಿಯ ಜಗಲಿಯನ್ನು ತೊಳೆಯುವ ಕೆಲಸ ನನ್ನದಾಗಿತ್ತು. ಮೂಲೆಯಲ್ಲಿ ಗೋಣಿಚೀಲ ಹೊದ್ದು ಒಬ್ಬ ವೃದ್ಧನು ಮಲಗಿದ್ದ. ಎರಡು ಬಾರಿ ಕೂಗಿದೆ. ಏಳಲಿಲ್ಲ. ಕೊಡದ ನೀರನ್ನು ಅವನತ್ತ ಚೆಲ್ಲಿಬಿಟ್ಟೆ. ಶುಚಿತ್ವವನ್ನು ರಕ್ಷಿಸಿದೆನೆಂಬ ಹೆಮ್ಮೆಯೂ ಇತ್ತು. ಮಡಿಯಲ್ಲಿದ್ದ ತಂದೆಯವರು ಗರ್ಭಗುಡಿಯಿಂದ ಹೊರಬಂದು, ತಾವು ಜಪಕ್ಕೆ ಕೂರುವ ಕಂಬಳಿಯನ್ನು ಆ ವೃದ್ಧನಿಗೆ ಹೊದಿಸಿ, ಪಂಚೆಯ ಅಂಚಿನಿಂದ ಅವನ ಪಾದಗಳನ್ನು ಒರೆಸಿದರು. ನನ್ನನ್ನು ಬಯ್ಯಲಿಲ್ಲ. “ಯಾರಿಗೋ ನೀರೆರೆದೆ?” ಎಂದಷ್ಟೇ ಕೇಳಿ, ಬಾವಿಗೆ ಹೋಗಿ ಪುನಃ ತಣ್ಣೀರು ಸ್ನಾನ ಮಾಡಿದರು.

ಅಂದು ಪೂಜೆ ತಡವಾಯಿತು. ಮಂಗಳಾರತಿಯ ವೇಳೆಗೆ ಬೆಳಕು ಹರಿದಿತ್ತು. ಕಾಲಾತಿಕ್ರಮವಾಯಿತೆಂದು ಭಕ್ತರಲ್ಲಿ ಕೆಲವರು ಗೊಣಗಿದರು. ಅವರದು ತಪ್ಪೆನ್ನಲಾರೆ, ಕಾಲನಿಯಮವನ್ನು ಲಘುವಾಗಿ ಕಾಣುವ ಅಧಿಕಾರ ನಮಗಿಲ್ಲ. ಆದರೆ ಸರ್ವಭೂತಗಳಲ್ಲಿರುವ ಹರಿಯನ್ನು ಕಡೆಗಣಿಸಿ ಪ್ರತಿಮೆಯನ್ನು ಮಾತ್ರ ಅರ್ಚಿಸುವುದು ಬೂದಿಯಲ್ಲಿ ಹೋಮ ಮಾಡಿದಂತೆ ಎಂಬುದು ಭಾಗವತದ ತೃತೀಯಸ್ಕಂಧದಲ್ಲಿ ಕಪಿಲರೂಪಿ ಭಗವಂತನದೇ ಅಭಿಪ್ರಾಯ. ಜನರ ಸೇವೆಯನ್ನು ಶ್ರೀಮದಾಚಾರ್ಯರು ಒಡೆಯನಿಗೆ ಸಲ್ಲಬೇಕಾದ ಕಂದಾಯಕ್ಕೆ ಹೋಲಿಸಿದರು. ಕಂದಾಯ ಕಟ್ಟಿದವನು ದಾನಿಯೆಂದು ಬೀಗುವುದುಂಟೆ? ಅಂದಿನ ಅರ್ಧ ಗಂಟೆಯನ್ನು ನಾನು ವಿಳಂಬವೆಂದು ಎಣಿಸಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ನಮ್ಮಲ್ಲಿ ಕಂಬಳಿ ಕೊಡುವುದು ಹೆಚ್ಚಾಗಿ ಸಂಕ್ರಮಣದಂದು, ಎಳ್ಳಿನೊಡನೆ. ಪರ್ವಕಾಲದ ಪುಣ್ಯ ದೊಡ್ಡದು, ನಿಜ. ಆದರೆ ಅಷ್ಟು ಹೊತ್ತಿಗೆ ಚಳಿಗಾಲದ ಬಹುಭಾಗ ಕಳೆದಿರುತ್ತದೆ. ಸಾತ್ತ್ವಿಕದಾನಕ್ಕೆ ಗೀತೆಯು ದೇಶ, ಕಾಲ, ಪಾತ್ರಗಳನ್ನು ವಿಧಿಸಿದೆಯಷ್ಟೆ. ಆ ಕಾಲವು ಕೊಡುವವನ ಪಂಚಾಂಗದ್ದು ಮಾತ್ರವೇ, ನಡುಗುವವನ ರಾತ್ರಿಯದೂ ಅಲ್ಲವೇ? ಸಂಕ್ರಮಣಕ್ಕೆಂದು ತೆಗೆದಿಟ್ಟ ಕಂಬಳಿಯನ್ನು ಧನುರ್ಮಾಸದ ಮೊದಲ ದಿನವೇ ಕೊಟ್ಟು, ಸಂಕ್ರಮಣಕ್ಕೆ ಎಳ್ಳುಬೆಲ್ಲವನ್ನು ಉಳಿಸಿಕೊಂಡರೆ ದೋಷವೇನೆಂದು ತಂದೆಯವರನ್ನು ಕೇಳಿದೆ. ಅವರು ಉತ್ತರಿಸಲಿಲ್ಲ. ಮರುದಿನ ಪೆಟ್ಟಿಗೆಯಿಂದ ಎರಡು ಕಂಬಳಿ ತೆಗೆದು ಬಿಸಿಲಿಗೆ ಹರವಿದ್ದರು.