ಅಡವಿಟ್ಟ ಮನೆ ಯಾರದು?

ಕಳೆದ ತಿಂಗಳು ಬೊಬ್ರುವಾಡದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಅಂಕೋಲೆಯ ಪೇಟೆಗೆ ಹತ್ತಿಕೊಂಡಂತಿರುವ ಊರು. ಚಿರೆಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಹಿತ್ತಲಲ್ಲಿ ನಾಲ್ಕು ತೆಂಗು, ಒಂದು ಕರಿ ಈಶಾಡಿನ ಮರ. (ಈ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿತಂತೆ. ಮರಕ್ಕೆ ಆ ಸುದ್ದಿ ಮುಟ್ಟಿದಂತಿಲ್ಲ. ಎಂದಿನಂತೆ ತನಗೆ ಮನಸ್ಸು ಬಂದ ವರ್ಷ ಮಾತ್ರ ಕಾಯುತ್ತದೆ.) ಊಟವಾಗಿ ಎಲೆಯಡಿಕೆಯ ತಟ್ಟೆ ಮುಂದೆ ಬರುವ ಹೊತ್ತಿಗೆ ಸೋದರಳಿಯ ಒಂದು ಕಾಗದದ ಕಟ್ಟನ್ನು ತಂದು ಎದುರಿಗಿಟ್ಟ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಬೇಕು. ಬ್ಯಾಂಕು 20 ಲಕ್ಷ ಕೊಡುತ್ತದೆ. ಜಾಗವನ್ನು ಅಡವಿಡಬೇಕು, ಮಾವ ಜಾಮೀನು ನಿಲ್ಲಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಹೇಳಿದವರಿಗೆ ಮೂರನೆಯದು ಹೊಳೆದಿರಲಿಲ್ಲವೆಂದು ಕಾಣುತ್ತದೆ. ಜಾಮೀನು ನಿಂತು ನೋಡು ಎಂದು ನಾನು ಸೇರಿಸುತ್ತೇನೆ. 1872ರ ಕರಾರು ಕಾಯಿದೆ ಈ ವಿಷಯದಲ್ಲಿ ದಾಕ್ಷಿಣ್ಯ ತೋರಿಸುವುದಿಲ್ಲ. ಬೇರೆ ಮಾತಾಗದಿದ್ದರೆ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಮೊದಲು ಹಿಂಡಿ ಆಮೇಲೆ ನನ್ನ ಬಾಗಿಲಿಗೆ ಬನ್ನಿ ಎಂದು ಹೇಳುವ ಹಕ್ಕು ನನಗಿಲ್ಲ. “ಬರೇ ಒಂದು ಸಹಿ” ಎಂದ ಹುಡುಗ. ಬರೇ ಒಂದು ಸಹಿ ಎಂಬ ವಸ್ತು ಲೋಕದಲ್ಲಿಲ್ಲವೆಂದು ನನಗೆ ಮೂವತ್ತು ವರ್ಷದಿಂದ ಗೊತ್ತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಲೆಕ್ಕ. ಬಡ್ಡಿ ನೂರಕ್ಕೆ ಒಂಬತ್ತೆಂದು ಹಿಡಿಯಿರಿ, ಅವಧಿ ಇಪ್ಪತ್ತು ವರ್ಷ. ತಿಂಗಳ ಕಂತು 18 ಸಾವಿರಕ್ಕೆ ಐದು ರೂಪಾಯಿ ಕಡಿಮೆ. ಮೊದಲನೆಯ ಕಂತಿನಲ್ಲಿ 15 ಸಾವಿರ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು ಮೂರು ಸಾವಿರವೂ ಪೂರ್ತಿಯಲ್ಲ. ಐದು ವರ್ಷ ತಪ್ಪದೆ ಕಟ್ಟಿ, ಹತ್ತು ಲಕ್ಷ ಎಂಬತ್ತು ಸಾವಿರದಷ್ಟು ತೆತ್ತು, ನಮ್ಮ ಸಾಲವೆಷ್ಟು ಉಳಿಯಿತೆಂದು ಕೇಳಿದರೆ 17 ಲಕ್ಷ 74 ಸಾವಿರವೆಂಬ ಉತ್ತರ ಬರುತ್ತದೆ. ಬ್ಯಾಂಕಿನವರು ಮೋಸ ಮಾಡಿದರೆಂದು ಎಷ್ಟೋ ಜನ ಅಲ್ಲಿ ಗದ್ದಲವೆಬ್ಬಿಸುವುದುಂಟು. ಮೋಸವಲ್ಲ, ಗಣಿತ. ಬಾಕಿಯ ಮೇಲೆ ಬಡ್ಡಿ. ಮೊದಮೊದಲು ಬಾಕಿಯೇ ದೊಡ್ಡದು. ಇಪ್ಪತ್ತು ವರ್ಷ ಮುಗಿಯುವಾಗ ತೆತ್ತದ್ದು ಒಟ್ಟು 43 ಲಕ್ಷದ ಮೇಲೆ. ಬಡ್ಡಿಯೇ ಅಸಲನ್ನು ಮೀರಿತು.

ಇಲ್ಲಿ ನಮ್ಮ ಹಿರಿಯರ ಒಂದು ಕಟ್ಟಳೆ ನೆನಪಾಗುತ್ತದೆ. ದಾಮದುಪ್ಪಟ್ಟು ಎಂದು ಅದರ ಹೆಸರು. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲಿಗಿಂತ ಹೆಚ್ಚಾಗಕೂಡದು. ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಬಿಟ್ಟು ಮುಂಬಯಿ ಇಲಾಖೆಗೆ ಸೇರಿತಷ್ಟೆ. ಆ ಇಲಾಖೆಯ ಕೋರ್ಟುಗಳು ಹಿಂದೂ ಸಾಲಗಾರರ ಪರವಾಗಿ ಈ ಕಟ್ಟಳೆಯನ್ನು ಎತ್ತಿಹಿಡಿಯುತ್ತಿದ್ದವು. ಹಾಗೆಂದು ಇಂದಿನ ಬ್ಯಾಂಕು ಧರ್ಮವನ್ನು ಮೀರಿತೆಂದು ಹೇಳಿಬಿಡುವುದು ಸರಿಯಾಗದು. ಕಟ್ಟಳೆಯಿದ್ದದ್ದು ಕೂಡಿಬಿದ್ದ ಬಡ್ಡಿಗೆ; ತಿಂಗಳು ತಿಂಗಳು ಕೊಟ್ಟು ಮುಗಿಸಿದ ಬಡ್ಡಿಗೆ ಅದು ತಗಲುತ್ತಿರಲಿಲ್ಲ. ಆದರೂ ಕಟ್ಟಳೆಯ ಹಿಂದಿನ ಮನಸ್ಸನ್ನು ನೋಡಿ. ಸಾಲಕ್ಕೊಂದು ಎಲ್ಲೆ ಬೇಕು, ಕೊಟ್ಟವನ ಹಕ್ಕು ಪಡೆದವನ ಬದುಕನ್ನೆಲ್ಲ ತಿಂದು ಮುಗಿಸಬಾರದು ಎಂಬುದು ಆ ಮನಸ್ಸು.

ಅದು ತಿಂದು ಮುಗಿಸಿದ ಕಾಲವನ್ನು ನನ್ನ ಅಜ್ಜಿ ಕಂಡವಳು. ಕರಾವಳಿಯಲ್ಲಿ ಆಗ ರೂಢಿಯಲ್ಲಿದ್ದದ್ದು ಭೋಗ್ಯ. ಸಾವುಕಾರ ಹಣ ಕೊಡುವನು. ಬಡ್ಡಿಯ ಬದಲು ಹಿತ್ತಲನ್ನೋ ಗದ್ದೆಯನ್ನೋ ತಾನೇ ಅನುಭವಿಸುವನು. ತೆಂಗು ಅವನದು, ಭತ್ತ ಅವನದು, ಅಸಲು ಮಾತ್ರ ಇದ್ದ ಹಾಗೇ ಇರುವುದು. ತನ್ನ ಮರದ ಕಾಯನ್ನು ಸಂತೆಯಲ್ಲಿ ಕಾಸು ಕೊಟ್ಟು ಕೊಂಡು ತರಬೇಕಾದ ಸಂಕಟವನ್ನು ಅಜ್ಜಿ ನಗುನಗುತ್ತಲೇ ಹೇಳುತ್ತಿದ್ದಳು. ಆ ನಗೆ ನಮಗೆ ದೊಡ್ಡವರಾದ ಮೇಲೆ ಅರ್ಥವಾಯಿತು. ಆಸ್ತಿ ವರ್ಗಾವಣೆಯ 1882ರ ಕಾಯಿದೆ ಇಂಥ ಅಡವುಗಳಿಗೂ ಬಿಡಿಸಿಕೊಳ್ಳುವ ಹಕ್ಕನ್ನು ಕೊಟ್ಟಿತ್ತು. ಕಾಗದದಲ್ಲಿ ಏನೇ ಬರೆಸಿಕೊಂಡಿರಲಿ, ಅಡವು ಅಡವೇ, ಮಾರಾಟವಾಗದು ಎಂಬುದು ಅದರ ತಿರುಳು. ಭೋಗ್ಯದ ಅಡವಿನಲ್ಲಿ ಮೂವತ್ತು ವರ್ಷ ಕಳೆದ ಮಾತ್ರಕ್ಕೆ ಈ ಹಕ್ಕು ಅಳಿಯದೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿದೆ. ಅಜ್ಜಿಗೆ ಅದು ತಿಳಿಯಲಿಲ್ಲ. ತಿಳಿದಿದ್ದರೂ ಅಸಲು ಎಲ್ಲಿಂದ ಬರಬೇಕು?

ಇಂಗ್ಲಿಷಿನ ಮಾರ್ಟ್‌ಗೇಜ್ ಎಂಬ ಶಬ್ದದ ಅರ್ಥ ಸತ್ತ ಒತ್ತೆ. ಹದಿನೇಳನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ಅದಕ್ಕೊಂದು ವಿವರಣೆ ಕೊಟ್ಟಿದ್ದಾನೆ: ಸಾಲ ತೀರದಿದ್ದರೆ ಭೂಮಿ ಇಟ್ಟವನ ಪಾಲಿಗೆ ಸತ್ತಿತು, ತೀರಿದರೆ ಒತ್ತೆ ಕೊಟ್ಟವನ ಪಾಲಿಗೆ ಸತ್ತಿತು. ಎರಡರಲ್ಲೊಂದು ಸಾವು ಖಂಡಿತ. ನಮ್ಮ ‘ಅಡವು’ ಇಷ್ಟು ಕ್ರೂರವಾದ ಶಬ್ದವಲ್ಲ. ಆದರೆ ಶಬ್ದ ಮೆತ್ತಗಿದ್ದ ಮಾತ್ರಕ್ಕೆ ಸಾವುಕಾರ ಮೆತ್ತಗಿರಲಿಲ್ಲ.

ಈಗ ನನ್ನ ಸಹಿಯ ಕತೆ. 1994ರಲ್ಲಿ ನಾನೂ ಸಾಲ ಮಾಡಿ ಮನೆ ಕಟ್ಟಿಸಿದೆ. ಆಗಿನ ಬಡ್ಡಿ ಈಗಿನದಕ್ಕಿಂತ ಹೆಚ್ಚು. ಸಂಬಳದ ಅರ್ಧ ಕಂತಿಗೇ ಹೋಗುತ್ತಿತ್ತು. ಆ ದಿನಗಳಲ್ಲಿ ನಾನು ಕೆಲಸಕ್ಕಿದ್ದ ಕಡೆ ಮೇಲಿನವರೊಬ್ಬರು ಒಂದು ಪಟ್ಟಿಯನ್ನು ತಂದು ಸಹಿ ಹಾಕೆಂದರು. ಬಾರದ ಇಟ್ಟಿಗೆ ಬಂದಿದೆಯೆಂದೂ ನಾನು ಎಣಿಸಿ ತೆಗೆದುಕೊಂಡೆನೆಂದೂ ಅದರಲ್ಲಿತ್ತು. ಹಾಕಿದೆ. ಕೈ ನಡುಗಲಿಲ್ಲ, ತಲೆಯಲ್ಲಿದ್ದದ್ದು ಬರುವ ತಿಂಗಳ ಐದನೆಯ ತಾರೀಖು ಒಂದೇ. ಹೊಸ ಮನೆಯ ಜಗಲಿಯಲ್ಲಿ ಕುಳಿತಾಗಲೆಲ್ಲ ಆ ಇಟ್ಟಿಗೆಗಳು ನನ್ನ ಗೋಡೆಯೊಳಗೇ ಇವೆಯೇನೋ ಎನ್ನಿಸುತ್ತಿತ್ತು.

ಬಹುಕಾಲ ನನಗೆ ನಾನೇ ಹೇಳಿಕೊಂಡ ಸಮಾಧಾನವೆಂದರೆ ಸಹಿ ಮಾಡಿದ್ದು ನಾನಲ್ಲ, ಸಾಲ ಎಂಬುದು. ಸಾಲಗಾರನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಎಲ್ಲಿಯದು? ಕಂತು ತಪ್ಪಿದರೆ ಬ್ಯಾಂಕು ಬಂದೀತು. 2002ರ ಕಾಯಿದೆ ಬಂದ ಮೇಲಂತೂ ಕೋರ್ಟಿನ ಮೆಟ್ಟಿಲು ಹತ್ತದೆಯೇ, ಅರವತ್ತು ದಿನಗಳ ನೋಟೀಸು ಕೊಟ್ಟು, ಅಡವಿನ ಮನೆಯನ್ನು ವಶಪಡಿಸಿಕೊಳ್ಳಬಹುದಾಗಿದೆ. ಹೆಂಡತಿ ಮಕ್ಕಳ ತಲೆಯ ಮೇಲಿನ ಮಾಡನ್ನು ಪಣಕ್ಕಿಟ್ಟು ಸತ್ಯವಂತನಾಗುವುದು ಸುಲಭವಲ್ಲ.

ಈ ಸಮಾಧಾನಕ್ಕೆ ಎರಡು ಅಡ್ಡಿಗಳು ಬಂದವು. ಒಂದು, ಅದೇ ಪಟ್ಟಿಯನ್ನು ನನಗಿಂತ ಮೊದಲು ಇನ್ನೊಬ್ಬರ ಮುಂದೆ ಇಟ್ಟಿದ್ದರು, ಅವರ ಸಾಲ ನನ್ನದಕ್ಕಿಂತ ದೊಡ್ಡದು, ಅವರು ಒಲ್ಲೆನೆಂದರು. ಸಾಲವೇ ಇಲ್ಲದ ಮೂರನೆಯವರು ನನ್ನ ಕೆಳಗೆ ಲೀಲಾಜಾಲವಾಗಿ ಸಹಿ ಹಾಕಿದ್ದರು. ಎರಡನೆಯದು ಈ ನೆಲದ್ದೇ. 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆಯನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಕಠಿಣವಾದದ್ದು ಅನಂತರದ ಕರನಿರಾಕರಣೆ. 1932ರಲ್ಲಿ ಅಂಕೋಲೆ ಸಿದ್ದಾಪುರಗಳ ರೈತರು ಕಂದಾಯ ಕೊಡೆವೆಂದರು; ಸರಕಾರ ಗದ್ದೆ, ಮನೆ, ದನಕರು, ಪಾತ್ರೆಪಗಡಿಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಅವರಲ್ಲಿ ಸಾಲವಿಲ್ಲದವರು ಎಷ್ಟು ಮಂದಿ ಇದ್ದಾರು? ಒಲ್ಲೆವೆಂದವರಲ್ಲಿ ಸಾಲಗಾರರೂ ಇದ್ದಿರಬೇಕು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ತರುವಾಯ ಕಳೆದುಕೊಂಡ ಜಮೀನುಗಳು ಮರಳಿದವು, ನಿಜ. ಆದರೆ ಒಲ್ಲೆನೆಂದ ದಿನ ಅವು ಮರಳುತ್ತವೆಂಬ ಭರವಸೆ ಯಾರೂ ಕೊಟ್ಟಿರಲಿಲ್ಲ. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯ ಆಸ್ತಿ ಕೊಂಡವರ ಮನೆಯ ಮುಂದೆ ಉಪವಾಸ ಕುಳಿತರು. ಪತ್ರಿಕೆಯಲ್ಲಿ ಬ್ಯಾಂಕಿನ ಹರಾಜಿನ ಪ್ರಕಟಣೆ ಕಂಡಾಗಲೆಲ್ಲ ನನಗೆ ಆ ಹೆಂಗಸರು ನೆನಪಾಗುತ್ತಾರೆ. ಅಲ್ಲಿ ತಪ್ಪಿದ್ದು ಕಂದಾಯ, ಇಲ್ಲಿ ತಪ್ಪಿದ್ದು ಕಂತು. ಎರಡೂ ಒಂದೇ ಅಲ್ಲ. ಆದರೂ ಅಗ್ಗಕ್ಕೆ ಸಿಕ್ಕಿತೆಂದು ಬೀಗುವವನು, ಆ ಮನೆಯ ಬಾಗಿಲಿನಲ್ಲಿ ಯಾರ ಮಕ್ಕಳ ಎತ್ತರದ ಗೆರೆಗಳು ಇನ್ನೂ ಇವೆಯೆಂದು ಒಮ್ಮೆ ನೋಡಲಿ.

ಹಾಗಾಗಿ ನಾನು ನನ್ನ ಸಮಾಧಾನವನ್ನು ಬಿಟ್ಟುಕೊಡಬೇಕಾಯಿತು. ಸಾಲ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ, ಅದರ ಬೆಲೆಯನ್ನು ಏರಿಸುತ್ತದೆ. ಏರಿದ ಬೆಲೆಯನ್ನು ನಾನು ಕೊಡಲಿಲ್ಲ, ಅಷ್ಟೇ. ಇದು ತಿಳಿದ ಮೇಲೆ ಸಾಲ ಎಷ್ಟಿರಬೇಕೆಂಬ ಪ್ರಶ್ನೆ ಹಣಕಾಸಿನದಷ್ಟೇ ಆಗಿ ಉಳಿಯುವುದಿಲ್ಲ. ಸಂಬಳದ ಎಷ್ಟು ಪಾಲು ಕಂತಿಗೆ ಹೋದರೂ ಬದುಕಬಹುದೆಂದು ಬ್ಯಾಂಕು ಲೆಕ್ಕ ಹಾಕುತ್ತದೆ. ಎಷ್ಟು ಪಾಲು ಉಳಿದರೆ ಒಲ್ಲೆನೆನ್ನಬಹುದೆಂಬ ಲೆಕ್ಕ ನಮ್ಮದು. ಆರು ತಿಂಗಳ ಕಂತನ್ನು ಬೇರೆಯಾಗಿ ಕೂಡಿಟ್ಟವನು ಮೇಲಿನವರ ಪಟ್ಟಿಯನ್ನು ಓದಿ ನೋಡುವಷ್ಟು ಹೊತ್ತನ್ನಾದರೂ ಗಳಿಸಿಕೊಂಡಿರುತ್ತಾನೆ.

ಇಷ್ಟರಿಂದ ಸಾಲವೇ ಕೂಡದೆಂದು ನಾನು ವಾದಿಸುತ್ತೇನೆಂದು ತಿಳಿಯಬೇಡಿ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಉಪದೇಶ ಹಾಸಿಗೆಯಿದ್ದವರ ಬಾಯಲ್ಲಿ ಚೆನ್ನ. ನಮ್ಮ ಜಿಲ್ಲೆಯಲ್ಲಿ ಒಕ್ಕಲು ಮಾಡುತ್ತಿದ್ದವರಿಗೆ ಕಾಲ ಕೆಳಗಿನ ನೆಲವೇ ತಮ್ಮದಾಗಿರಲಿಲ್ಲ. ದಿನಕರ ದೇಸಾಯಿಯವರು ರೈತರನ್ನು ಸಂಘಟಿಸಿದ್ದಕ್ಕಾಗಿ 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದರು. ಗೇಣಿಯ ಪದ್ಧತಿ ಪೂರ್ತಿ ಕೊನೆಗೊಂಡದ್ದು 1974ರ ತಿದ್ದುಪಡಿಯಿಂದ. ಅಡವಿಡಲು ತನ್ನದೆಂಬ ನೆಲವಿರುವುದೇ ಎಷ್ಟೋ ಮನೆತನಗಳಿಗೆ ಎರಡು ತಲೆಮಾರಿನ ಹೊಸ ಸಂಗತಿ. ಮುಖ ನೋಡಿ ಬಡ್ಡಿ ಹೇಳುವ ಸಾವುಕಾರನಿಗಿಂತ ಮುಖವನ್ನೇ ನೋಡದ ನಿಯಮ ನನಗೆ ಮೇಲೆನ್ನಿಸುತ್ತದೆ. ಸಾವುಕಾರ ಮಳೆ ಕೆಟ್ಟ ವರ್ಷ ಕನಿಕರಪಟ್ಟಾನು. ಆ ಕನಿಕರಕ್ಕೆ ಮುಂದೆ ಅವನ ಮನೆಯ ಮದುವೆಯಲ್ಲಿ ನಾಲ್ಕು ದಿನ ಬಿಟ್ಟಿ ದುಡಿಯಬೇಕು.

ನಿಯಮಕ್ಕೆ ಕಣ್ಣಿಲ್ಲದ ತೊಡಕೂ ಉಂಟು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ನಾಲ್ಕರಿಂದ ಆರೂವರೆಗೆ ಏರಿತು. ಕಂತು ಏರಲಿಲ್ಲವೆಂದು ಅನೇಕರು ನೆಮ್ಮದಿಯಿಂದಿದ್ದರು, ಏರಿದ್ದು ವರ್ಷಗಳು. ಅರವತ್ತಕ್ಕೆ ಮುಗಿಯಬೇಕಾದ ಸಾಲ ಅರವತ್ತೈದನ್ನು ದಾಟಿತು. ಒಬ್ಬನ ಮುಪ್ಪಿನ ವರ್ಷಗಳನ್ನು ಅವನನ್ನು ಕೇಳದೆ ಬರೆದುಕೊಳ್ಳುವುದು ಸರಿಯೇ? 2023ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಮಧ್ಯೆ ಬಂದು, ಕಂತು ಏರಬೇಕೋ ಅವಧಿ ಬೆಳೆಯಬೇಕೋ ಎಂಬ ಆಯ್ಕೆ ಸಾಲಗಾರನದಾಗಿರಬೇಕೆಂದು ಬ್ಯಾಂಕುಗಳಿಗೆ ಹೇಳಿತು.

ಮಕ್ಕಳ ಮಾತೂ ಬಂತು. ತಂದೆಯ ಸಾಲವನ್ನು ಮಗ ತೀರಿಸುವುದು ನಮ್ಮಲ್ಲಿ ಋಣವೆಂದೇ ಎಣಿಕೆ. ಅದರ ಬಲವೊಂದರಿಂದಲೇ ಮಗನ ಮೇಲೆ ದಾವೆ ಹೂಡುವಂತಿಲ್ಲವೆಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿ ಸಾರಿದೆ. ಅಡವು ಮಾತ್ರ ಬೇರೆ ಜಾತಿ. ಅದು ಮನುಷ್ಯನನ್ನಲ್ಲ, ಮನೆಯನ್ನು ಹಿಡಿದಿರುತ್ತದೆ. ಮನೆ ಬೇಕೆನ್ನುವ ಮಗ ಅದರ ಬೆನ್ನಿನ ಹೊರೆಯನ್ನೂ ಇಳಿಸಬೇಕು.

ಅಳಿಯನಿಗೆ ನಾನು ಇಟ್ಟಿಗೆಯ ಕತೆ ಹೇಳಿದೆ. ಅವನ ತಾಯಿಗೂ ಅದು ಹೊಸತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಹದಿನೈದು ವರ್ಷಕ್ಕೆ ಮುಗಿಸುವುದಾದರೆ ಕಂತು 20,285. ತಿಂಗಳಿಗೆ ಎರಡು ಸಾವಿರದ ಮುನ್ನೂರರಷ್ಟು ಹೆಚ್ಚು ಕೊಟ್ಟು ಆರೂವರೆ ಲಕ್ಷಕ್ಕೂ ಮಿಕ್ಕಿ ಬಡ್ಡಿ ಉಳಿಸಬಹುದು. ಆದರೆ ಅಷ್ಟು ಕಟ್ಟಿದರೆ ಆರು ತಿಂಗಳ ಕಂತು ಕೂಡಿಡಲು ಅವನ ಸಂಬಳದಲ್ಲಿ ಏನೂ ಉಳಿಯದು. ಕೊನೆಗೆ ಅವನೇ ನಕ್ಷೆಯ ಮೇಲಂತಸ್ತಿಗೆ ಗೀಟು ಎಳೆದ. ಸಾಲ ಹದಿನಾಲ್ಕು ಲಕ್ಷಕ್ಕೆ ಇಳಿಯಿತು. ಈಶಾಡಿನ ಮರವೂ ಉಳಿಯಿತು. ಮೆಟ್ಟಿಲು ಬರಬೇಕಾಗಿದ್ದದ್ದು ಅಲ್ಲಿಯೇ. ನಾನು ಸಹಿ ಹಾಕಿದೆ. ಈ ಸಲ ಕೈ ಸ್ವಲ್ಪ ನಡುಗಿತು.

ತಂಗಿ ಒಳಗಿಂದ ತಗಡಿನ ಪೆಟ್ಟಿಗೆ ತಂದಳು. ಜಾಗದ ಪತ್ರ, ಉತಾರ, ಗಂಡ ಕಟ್ಟಿದ ಕಂದಾಯದ ರಸೀದಿಗಳು. ಸಾಲ ತೀರುವವರೆಗೆ ಪತ್ರ ಎಲ್ಲಿರುತ್ತದೆಂದು ಕೇಳಿದಳು. ಬ್ಯಾಂಕಿನ ತಿಜೋರಿಯಲ್ಲಿ ಎಂದೆ. ಪೂರ್ತಿ ತೀರಿದ ಮೂವತ್ತು ದಿನಗಳೊಳಗೆ ಹಿಂದಕ್ಕೆ ಕೊಡಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಬ್ಯಾಂಕೇ ತೆರಬೇಕು. 2023ರ ಡಿಸೆಂಬರಿನಿಂದ ಹಾಗೆ ನಿಯಮವಿದೆ ಎಂದೆ. “ಆಗ ನಾನಿರುತ್ತೇನೋ ಇಲ್ಲವೋ” ಎಂದು ಅವಳು ಪತ್ರವನ್ನು ಬೆಳಕಿಗೆ ಹಿಡಿದು ಒಮ್ಮೆ ನಿಧಾನವಾಗಿ ಓದಿದಳು. ಆಮೇಲೆ ಮಗನನ್ನು ಪೇಟೆಗೆ ಓಡಿಸಿ ಅದರದೊಂದು ಝೆರಾಕ್ಸ್ ತರಿಸಿ, ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಯಲ್ಲಿ ಪತ್ರವಿದ್ದ ಜಾಗದಲ್ಲೇ ಇಟ್ಟು ಬೀಗ ಹಾಕಿದಳು.