ಲಜ್ಜೆ ಬೇರೆ, ಅಜ್ಞಾನ ಬೇರೆ

ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆಗಳಿಗೆ ನಮ್ಮ ಜನ ಇಟ್ಟಿರುವ ಹೆಸರು ‘ಗುಪ್ತರೋಗ’. ಮಧುಮೇಹಕ್ಕೆ, ಚಳಿಜ್ವರಕ್ಕೆ ಅವುಗಳ ಲಕ್ಷಣದಿಂದ ಹೆಸರು ಬಂದಿದೆ. ಇದಕ್ಕೆ ಮಾತ್ರ ಮುಚ್ಚಿಡುವ ನಮ್ಮ ಅಭ್ಯಾಸದಿಂದ ಹೆಸರು ಬಂದಿದೆ. ಹೀಗೆ ಮುಚ್ಚಿಡುವುದು ಮಾನ ಕಾಯುವ ದಾರಿಯೇ, ರೋಗವನ್ನು ಸಾಕುವ ದಾರಿಯೇ?

ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ ಸಮೀಪದ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಇಂತಹ ಕಡೆಗೆ ಓದಲು ಬರುವ ಹಳ್ಳಿಯ ಮಕ್ಕಳಲ್ಲಿ ಅನೇಕರು ಮನೆಬಿಟ್ಟು ಹಾಸ್ಟೆಲ್ ಸೇರುವುದು ಅದೇ ಮೊದಲು. ಅವರಿಗೆ ಈ ವಿಷಯವನ್ನು ಹೇಳಿಕೊಟ್ಟವರು ಯಾರು? ಮನೆಯಲ್ಲಿ ಆ ಮಾತಿಗೆ ಜಾಗವಿಲ್ಲ. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು 2007ರಲ್ಲಿ ಪಟ್ಟು ಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉಳಿಯುವುದು ಗೆಳೆಯರ ಪಿಸುಮಾತು, ಮೊಬೈಲು ಮತ್ತು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ‘ಗುಪ್ತರೋಗ ತಜ್ಞ’ರ ಜಾಹೀರಾತು.

ಫಲಿತಾಂಶ ಕಣ್ಣೆದುರಿಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 22, ಪುರುಷರಲ್ಲಿ ಶೇ. 31 ಮಂದಿಗೆ ಮಾತ್ರ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆಯಿದೆ. ಭಿತ್ತಿಪತ್ರಗಳಲ್ಲಿ ಇಷ್ಟು ವರ್ಷ ಕಂಡ ರೋಗದ ಕತೆಯೇ ಹೀಗಾದರೆ ಉಳಿದವುಗಳ ಗತಿಯೇನು? ಸಿಫಿಲಿಸ್ ಪೆನ್ಸಿಲಿನ್‌ನಿಂದ ವಾಸಿಯಾಗುತ್ತದೆ. ಕ್ಲಮೀಡಿಯ ಹೆಣ್ಣುಮಕ್ಕಳಲ್ಲಿ ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆ ಉಳಿದು ಬಂಜೆತನಕ್ಕೆ ಕಾರಣವಾಗಬಲ್ಲದು. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ವೈರಾಣುವಿಗೆ ಲಸಿಕೆಯಿದೆ. ಪದವಿ ಪಡೆದವರಿಗೂ ಇದು ಗೊತ್ತಿಲ್ಲದಿದ್ದರೆ ಆ ಪದವಿಯಲ್ಲಿ ಏನೋ ಕೊರತೆಯಿದೆ ಎಂದೇ ಅರ್ಥ.

ತಿಳಿಸಿದರೆ ಮಕ್ಕಳು ಕೆಡುತ್ತಾರೆ ಎಂಬ ಆತಂಕ ಹೆತ್ತವರದು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಅಣೆಕಟ್ಟೆಯ ನೀರಿನ ಮಟ್ಟ ಅಳೆಯುವವನು ಪ್ರವಾಹವನ್ನು ಕರೆಯುವುದಿಲ್ಲ. ಅಜ್ಞಾನದಿಂದಷ್ಟೇ ಉಳಿದಿರುವ ಶೀಲ ಮೊದಲ ಪರೀಕ್ಷೆಯಲ್ಲೇ ಕುಸಿಯುತ್ತದೆ. ತಿಳಿದೂ ಸಂಯಮ ಪಾಲಿಸುವುದೇ ನಿಜವಾದ ಶೀಲ. ಇಸ್ಲಾಮೀ ಪರಂಪರೆಯಲ್ಲಿ ಲಜ್ಜೆ ವಿಶ್ವಾಸದ ಅಂಗ. ಅದೇ ಪರಂಪರೆಯಲ್ಲಿ ಹಝ್ರತ್ ಆಯಿಶಾ, ದೇಹಶುದ್ಧಿಯ ಪ್ರಶ್ನೆಗಳನ್ನು ಸಂಕೋಚಪಡದೆ ಕೇಳುತ್ತಿದ್ದ ಮದೀನಾದ ಅನ್ಸಾರಿ ಮಹಿಳೆಯರನ್ನು ಮೆಚ್ಚಿದ್ದರು. ಲಜ್ಜೆ ನಡತೆಯನ್ನು ಕಾಯಬೇಕು, ಪ್ರಶ್ನೆಯ ಬಾಯಿ ಕಟ್ಟಬಾರದು.

ಇನ್ನೊಂದು ತಪ್ಪು ಎಣಿಕೆ, ರೋಗವೆಂದರೆ ಪಾಪದ ಶಿಕ್ಷೆ ಎಂಬುದು. ಹಾಗಾದರೆ ಗಂಡನಿಂದ ಸೋಂಕು ತಗುಲಿದ ಹೆಂಡತಿಯ ಪಾಪವೇನು? ತಾಯಿಯ ಗರ್ಭದಲ್ಲೇ ಸಿಫಿಲಿಸ್ ಪಡೆದ ಕೂಸಿನ ತಪ್ಪೇನು? ತಪ್ಪಿನ ವಿಚಾರಣೆ ಬೇರೆ, ಕಾಯಿಲೆಯ ಚಿಕಿತ್ಸೆ ಬೇರೆ. ವೈದ್ಯನ ಕುರ್ಚಿಯಲ್ಲಿ ನ್ಯಾಯಾಧೀಶ ಕುಳಿತರೆ ರೋಗಿ ಬಾಗಿಲಿಂದಲೇ ಹಿಂದಿರುಗುತ್ತಾನೆ. ಹೊತ್ತುಕೊಂಡು ಹೋದ ಸೋಂಕು ಮುಂದೆ ಮತ್ತೊಬ್ಬರ ಪಾಲಾಗುತ್ತದೆ.

2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆ ಈ ಗಂಟನ್ನು ವಿವೇಕದಿಂದ ಬಿಡಿಸಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿತನ ಗುಟ್ಟನ್ನು ಸಾಮಾನ್ಯವಾಗಿ ಹೊರಗೆಡಹುವಂತಿಲ್ಲ, ಓದು-ಉದ್ಯೋಗಗಳಲ್ಲಿ ಭೇದ ಮಾಡುವಂತಿಲ್ಲ. ಹಾಗೆಯೇ, ಸೋಂಕಿದೆಯೆಂದು ತಿಳಿದವನು ಅದು ಬೇರೆಯವರಿಗೆ ಹರಡದಂತೆ ಎಚ್ಚರ ವಹಿಸಲೇಬೇಕು. ಅಂದರೆ ಗುಟ್ಟು ರೋಗಿಯ ಹಕ್ಕು, ಆದರೆ ಇನ್ನೊಬ್ಬರನ್ನು ಅಪಾಯಕ್ಕೆ ನೂಕುವ ಹಕ್ಕು ಯಾರಿಗೂ ಇಲ್ಲ. ಮದುವೆಯ ಮಾತುಕತೆಯಲ್ಲಿ ಜಾತಕ, ಜಮೀನು, ಸಂಬಳ ಎಲ್ಲವನ್ನೂ ಕೇಳುವ ನಾವು ಆರೋಗ್ಯದ ಪ್ರಶ್ನೆಗೆ ಮಾತ್ರ ನಾಚುತ್ತೇವೆ.

ಸರಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಕಾಯಿಲೆಗಳಿಗೆ ಉಚಿತ ಸಲಹೆ, ಚಿಕಿತ್ಸೆ ಸಿಗುತ್ತದೆ. ಎಚ್‌ಐವಿಗೂ 2004ರಿಂದ ಸರಕಾರ ಉಚಿತ ಔಷಧಿ ಕೊಡುತ್ತಿದೆ. ಮದ್ದಿದೆ, ಕಾನೂನಿದೆ. ಇಲ್ಲದಿರುವುದು ನಂಬಿ ಕೇಳಬಹುದಾದ ಹಿರಿಯರು. ಅಧ್ಯಾಪಕರು, ತಂದೆತಾಯಂದಿರು, ಧರ್ಮಗುರುಗಳು ಆ ಸ್ಥಾನವನ್ನು ತುಂಬದಿದ್ದರೆ ಗೋಡೆಯ ಜಾಹೀರಾತು ಅದನ್ನು ತುಂಬುತ್ತದೆ.